ಹಿಡಿಯ ಮೇಲೆ ಒಂದು ಹನಿ ತುಪ್ಪ

ಮಾರಂಡಹಳ್ಳಿ
12 ಜೂನ್ 1994

ಪ್ರೀತಿಯ ಅತ್ತೆಗೆ,

ಸೊಸೆ ಅತ್ತೆಗೆ ಬರೆಯುವ ಪತ್ರವನ್ನು ‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಬೇಕಂತೆ, ನಮ್ಮಮ್ಮ ಹೇಳಿಕಳಿಸಿದ್ದಾಳೆ. ಎರಡು ಸಲ ಬರೆದು ನೋಡಿದೆ. ನನ್ನ ಅಕ್ಷರದಲ್ಲಿ ಅದು ಪರೀಕ್ಷೆಯ ಉತ್ತರದ ಹಾಗೆ ಕಂಡಿತು, ಹೊಡೆದುಹಾಕಿದೆ. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷನ್ನೇ ಗೀಚಿದ ಕೈ ಇದು. ಕನ್ನಡ ಕಲಿಸಿದ್ದು ಅಜ್ಜಿ, ಅದೂ ದೇವರನಾಮದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು. ತಪ್ಪಿದ್ದರೆ ನಕ್ಕುಬಿಡಿ ಅತ್ತೆ, ತಿದ್ದಿ ವಾಪಸು ಮಾತ್ರ ಕಳಿಸಬೇಡಿ!

ನಮ್ಮ ಮನೆ ಎಷ್ಟು ಚೆನ್ನಾಗಿದೆ ಗೊತ್ತಾ? ಎರಡೇ ಕೋಣೆ, ಕೆಳಗಡೆ ಟೊಮೇಟೊ ಮಂಡಿ. ಬೆಳಗಿನ ಜಾವವೇ ಲಾರಿ ಬಂದು ನಿಲ್ಲುತ್ತದೆ. ಇಡೀ ಮನೆಗೆ ಟೊಮೇಟೊ ವಾಸನೆ, ನನ್ನ ರೇಷ್ಮೆ ಸೀರೆಗೂ! ಇವರು ಒಂಬತ್ತಕ್ಕೆ ಬ್ಯಾಂಕಿಗೆ ಹೋದರೆ ಒಂದೂವರೆಗೆ ಊಟಕ್ಕೆ ಬರುತ್ತಾರೆ. ನಿನ್ನೆ ನಾನು ಮಾಡಿದ ಸಾರನ್ನು ಮೂರು ಸಲ ಹಾಕಿಸಿಕೊಂಡರು. ಆಮೇಲೆ ಎರಡು ಚೊಂಬು ನೀರು ಕುಡಿದರು. ಉಪ್ಪು ಎರಡು ಸಲ ಹಾಕಿದ್ದೆ ಎಂದು ನಾನು ಊಟಕ್ಕೆ ಕೂತಾಗ ಗೊತ್ತಾಯಿತು. ಎಂಥ ಮಗನನ್ನು ಹೆತ್ತಿದ್ದೀರಿ ಅತ್ತೆ!

ಈಗ ನಿಜವಾದ ವಿಷಯ. ಮದುವೆಯಾದ ಮೇಲೆ ಸೇಲಂನಲ್ಲಿ ನಿಮ್ಮ ಜೊತೆ ಇದ್ದ ಆ ಒಂದು ವಾರ, ಶನಿವಾರ ಬೆಳಿಗ್ಗೆ. ನೀವು ಮಡಿ ಸೀರೆಯಲ್ಲಿ ಇದ್ದಿಲೊಲೆಯ ಮುಂದೆ ಕೂತು ಗೊಜ್ಜಿಗೆ ಬದನೆಕಾಯಿ ಸುಡುತ್ತಿದ್ದಿರಿ. ನನಗೆ ಇನ್ನೂ ಸ್ನಾನವಾಗಿರಲಿಲ್ಲ, ಹೊಸಿಲ ಆಚೆ ನಿಂತಿದ್ದೆ. ಬದನೆಕಾಯಿಯನ್ನು ಬರೀ ಬೆರಳಲ್ಲಿ ತಿರುಗಿಸುತ್ತಿದ್ದಿರಿ. ಒಂದು ಕೆಂಡ ನಿಮ್ಮ ತೋರುಬೆರಳಿಗೆ ಅಂಟಿಕೊಂಡಿತು. ನೀವು ನನ್ನ ಜೊತೆ ಮಾತಾಡುತ್ತಲೇ ಇದ್ದಿರಿ. ನಾನು ಕಿರುಚಿದ ಮೇಲೆ ನೋಡಿಕೊಂಡು, ಇರುವೆ ಕೊಡವಿದ ಹಾಗೆ ಕೊಡವಿದಿರಿ. ‘ಉರಿಯಲ್ವಾ ಅತ್ತೆ?’ ಎಂದರೆ ‘ಅಭ್ಯಾಸ ಕಣೆ’ ಎಂದಿರಿ.

ಅಭ್ಯಾಸ ಅಲ್ಲ ಅಂತ ನನಗೆ ಗೊತ್ತಾಯಿತು. ಊಟಕ್ಕೆ ಬಡಿಸುವಾಗ ಆ ಬೆರಳನ್ನು ಮಡಚಿಕೊಂಡಿದ್ದಿರಿ. ಆದರೂ ನನ್ನ ಮೈದುನ ಹರಿಪ್ರಸಾದ್ ನೋಡಿಬಿಟ್ಟ. ‘ಅಮ್ಮಾ, ಇನ್ನೊಂದು ಸಲ ಕೈ ಸುಟ್ಕೊಂಡ್ರೆ ಈ ಇದ್ದಿಲೊಲೇನ ಹಿತ್ತಿಲಿಗೆ ಎಸೀತೀನಿ. ಗ್ಯಾಸ್ ಇದೆ, ಯಾರು ಬೇಕಾದ್ರೂ ಅಡಿಗೆ ಮಾಡ್ಬೋದು’ ಎಂದ. ಆ ‘ಯಾರು ಬೇಕಾದ್ರೂ’ ಎಂಬ ಮಾತಿಗೆ ನಿಮ್ಮ ಮುಖ ಹೇಗಾಯಿತು ಎಂದು ಅವನು ನೋಡಲಿಲ್ಲ, ನಾನು ನೋಡಿದೆ.

ಅದಕ್ಕೇ ನಾನೊಂದು ಸುಡುವ ಇಕ್ಕಳ ಮಾಡಿಸುತ್ತೇನೆ! ಬೇಕಾದಷ್ಟು ಉದ್ದ, ಕೈ ಬೆಂಕಿಯ ಹತ್ತಿರ ಹೋಗಲೇಬಾರದು. ಕಾಗದದ ಮೇಲೆ ನಾಲ್ಕು ಚಿತ್ರ ಬರೆದಿದ್ದೇನೆ. ಬಜಾರಿನಲ್ಲಿ ಕುಲುಮೆ ಇದೆ. ನಿಮ್ಮ ಒಲೆಯನ್ನು ಯಾರೂ ಎಸೆಯುವ ಹಾಗಿಲ್ಲ!

ಇಪ್ಪತ್ತೇಳು ದಿನದ ಸೊಸೆ,
ಅಪರ್ಣಾ


ಸೇಲಂ
20 ಜೂನ್ 1994

ಚಿ. ಸೌ. ಅಪರ್ಣಾಗೆ ಗೋದಾಬಾಯಿಯ ಆಶೀರ್ವಾದ.

ನಿನ್ನ ಕಾಗದ ಬಂತು. ನಿನ್ನ ಮಾವ ಓದಿ ಹೇಳು ಎಂದರು. ಉಪ್ಪಿನ ವಿಷಯ ಮಾತ್ರ ಓದಿದೆ.

ನೀನು ನೋಡಿದ್ದು ನಿಜ. ಒಂದೂವರೆ ವರ್ಷವಾಯಿತು, ಬೆರಳ ತುದಿಗಳು ನನ್ನವಲ್ಲ. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಸಕ್ಕರೆಯ ವಿಷಯ ಮನೆಯಲ್ಲಿ ಗೊತ್ತು. ಬೆರಳ ವಿಷಯ ಗೊತ್ತಿಲ್ಲ. ಹೂ ಕಟ್ಟುವಾಗ ದಾರ ಎಲ್ಲಿದೆ ಎಂದು ಕಣ್ಣಲ್ಲಿ ಹುಡುಕುತ್ತೇನೆ. ಚಾಳೀಸು ಬಂದಿದೆ ಎಂದು ಅವರು ತಿಳಿದುಕೊಂಡಿದ್ದಾರೆ.

ಮೂವತ್ತೊಂದು ವರ್ಷದಿಂದ ಈ ಮನೆಯ ನೈವೇದ್ಯ ನನ್ನ ಕೈಯದು. ಅದು ಹೋದರೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ನಾನು ಎಲ್ಲಿ ಹೋಗಿ ಕೂರಲಿ? ಹರಿ ಒಳ್ಳೆಯವನೇ. ಔಷಧದ ಕಂಪನಿಯ ಚೀಲ ಹಿಡಿದು ಊರೂರು ಸುತ್ತುತ್ತಾನೆ. ಸುಸ್ತಾಗಿ ಬಂದಾಗ ಮಾತು ಒರಟು.

ಇಕ್ಕಳ ಮಾಡಿಸುವುದಾದರೆ ಮಾಡಿಸು. ಶ್ರೀನಿಧಿಗೆ ಮಾತ್ರ ಬೆರಳ ವಿಷಯ ಹೇಳಬೇಡ. ಅವನಿಗೆ ಹೇಳಿದರೆ ಹರಿಗೆ ಹೇಳಿದ ಹಾಗೆ.

ಆಯಾಸವಾಗಿದೆ. ಇಷ್ಟು ಸಾಕು.

ಗೋದಾಬಾಯಿ


ಮಾರಂಡಹಳ್ಳಿ
10 ಜುಲೈ 1994

ಪ್ರೀತಿಯ ಅತ್ತೆ,

ಪ್ರಾಮಿಸ್! ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಮದುವೆಯಾದ ಎರಡೇ ತಿಂಗಳಿಗೆ ಗಂಡನಿಂದ ಒಂದು ಗುಟ್ಟು ಮುಚ್ಚಿಟ್ಟುಕೊಂಡಿದ್ದೇನೆ, ನೋಡಿ ನನ್ನ ಧೈರ್ಯ. ‘ಅಮ್ಮನಿಗೆ ಒಂದು ಗಿಫ್ಟ್ ಮಾಡಿಸ್ತಿದ್ದೀನಿ’ ಎಂದಷ್ಟೇ ಹೇಳಿದೆ. ಅವರು ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ಹಾಕಿಸು ಎಂದರು. ಒಲೆಯ ಮುಂದೆ ರಬ್ಬರ್! ಎಂ.ಕಾಂ. ಓದಿದವರ ಬುದ್ಧಿ!

ಕುಲುಮೆಯವನ ಹೆಸರು ಚಿಕ್ಕಮುನಿಯಪ್ಪ. ಕುಡುಗೋಲು, ಗುದ್ದಲಿ ಮಾಡುವವನು. ನನ್ನನ್ನು ಬ್ಯಾಂಕಮ್ಮ ಎಂದು ಕರೆಯುತ್ತಾನೆ. ನನ್ನ ಚಿತ್ರವನ್ನು ತಲೆಕೆಳಗು ಹಿಡಿದು ನೋಡಿದ.

‘ಏನ್ ಬ್ಯಾಂಕಮ್ಮಾ, ಸೂಲಾನಾ ಇದು? ಮಾರಿಯಮ್ಮನ್ ಕೈಗಾ?’

‘ಅಲ್ಲಪ್ಪಾ, ಬದನೇಕಾಯಿ ಸುಡೋಕೆ.’

‘ಬದ್ನೆಕಾಯ್ ಸುಡಾಕೆ ಸೂಲ ಯಾತಕ್ಕೆ? ಎರಡು ಬೆಳ್ಳು ಸಾಲ್ದಾ?’ ಎಂದು ನಕ್ಕ. ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ತಿದಿ ಒತ್ತುತ್ತಾ ಕೂತಿದ್ದಳು. ‘ನಗ್ಬ್ಯಾಡ ಸುಮ್ಕಿರು. ಆಯಮ್ಮ ಕಾಸು ಕೊಟ್ಟು ಮಾಡಿಸ್ಕೊಂತಾಳೆ, ನಿನ್ ಗಂಟೇನು ಓಗ್ತದೆ?’ ಎಂದಳು. ಅವಳು ಇಲ್ಲದಿದ್ದರೆ ನಾನು ಅಳುತ್ತಾ ಮನೆಗೆ ಬರುತ್ತಿದ್ದೆ.

ಕೊನೆಗೂ ಆಯಿತು! ಒಂದೂವರೆ ಮೊಳದ ಸಲಾಕೆ, ತುದಿಯಲ್ಲಿ ಎರಡು ಮುಳ್ಳು. ಬದನೆಕಾಯಿಗೆ ಚುಚ್ಚಿ ಹಿಡಿದರೆ ಆಯಿತು. ಹಿಡಿ ಮರದ್ದು. ನಿಮ್ಮ ಕೈ ಜಾರಬಾರದು ಎಂದು ಅದರ ಮೇಲೆ ನಾನೇ ಒಂದು ಮಧ್ಯಾಹ್ನವೆಲ್ಲ ಕೂತು ಹತ್ತಿದಾರ ಸುತ್ತಿದ್ದೇನೆ, ಕೆಂಪು ಮತ್ತು ಹಳದಿ. ಎಷ್ಟು ಚೆಂದ ಇದೆ ಅಂದರೆ ಶೋಕೇಸಿನಲ್ಲಿಡಬೇಕು! ಬ್ಯಾಂಕಿನ ಅಟೆಂಡರ್ ಪೊನ್ನುಸ್ವಾಮಿ ಮುಂದಿನ ವಾರ ಸೇಲಂಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತೇನೆ.

ಹೇಗಿದೆ ಅಂತ ತಕ್ಷಣ ಬರೆಯಬೇಕು. ಕಾಯುವುದು ನನಗೆ ಬರುವುದಿಲ್ಲ.

ನಿಮ್ಮ ಅಪರ್ಣಾ


ಸೇಲಂ
21 ಜುಲೈ 1994

ಚಿ. ಸೌ. ಅಪರ್ಣಾಗೆ ಆಶೀರ್ವಾದ.

ಪೊನ್ನುಸ್ವಾಮಿ ಮೊನ್ನೆ ಏಕಾದಶಿಯ ದಿನ ತಂದುಕೊಟ್ಟ. ಪಾಪ, ಉಪವಾಸದ ಮನೆ, ಒಂದು ಲೋಟ ಮಜ್ಜಿಗೆಯನ್ನೂ ಕೊಡಲಾಗಲಿಲ್ಲ.

ದಾರದ ಕೆಲಸ ಅಂದವಾಗಿದೆ. ಆದರೆ ಮಗು, ಒಣಗಿದ ಹತ್ತಿಗೆ ಮೈಲಿಗೆ ಉಂಟು. ಮಡಿಗೆ ಅದು ಬರಬೇಕಾದರೆ ದಿನಾ ನೆನೆಸಿ, ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ಮರಕ್ಕೆ ಅರಗು ಹಚ್ಚಿದ್ದಾರೆ, ಅದೂ ಆಗದು. ಕಬ್ಬಿಣವಾದರೆ ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದರೆ ಮುಗಿಯಿತು. ಬಟ್ಟೆ ಸುತ್ತಿ ಹಿಡಿಯಿರಿ ಎಂದು ಬರೆಯುತ್ತೀಯೇನೋ. ಒಲೆಯ ಹತ್ತಿರ ಬಟ್ಟೆ ತರಲು ನನಗೆ ಈಗ ಭಯ. ಹತ್ತಿಕೊಂಡರೂ ಗೊತ್ತಾಗುವುದಿಲ್ಲ.

ಇನ್ನೊಂದು. ಬದನೆಕಾಯಿಗೆ ಚುಚ್ಚಬಾರದು. ರಸವೆಲ್ಲ ಸುರಿದು ಕೆಂಡ ಆರುತ್ತದೆ, ಗೊಜ್ಜಿಗೆ ಬರೀ ಸಿಪ್ಪೆ ಉಳಿಯುತ್ತದೆ. ಅದನ್ನು ಹಸುಗೂಸಿನ ಹಾಗೆ ಇಡಿಯಾಗಿ ಹಿಡಿಯಬೇಕು.

ಮತ್ತೆ, ಏಕಾದಶಿಯಿಂದ ಚಾತುರ್ಮಾಸ್ಯ ಶುರುವಾಯಿತು. ಮೊದಲ ತಿಂಗಳು ತರಕಾರಿಯೇ ಇಲ್ಲ. ಬದನೆಕಾಯಿಯನ್ನಂತೂ ನಾವು ನಾಲ್ಕು ತಿಂಗಳೂ ಮನೆಗೆ ತರುವುದಿಲ್ಲ. ಉತ್ಥಾನ ದ್ವಾದಶಿ ಕಳೆದ ಮೇಲೆ ಮತ್ತೆ ಸುಡುವುದು. ನಿನಗೆ ಇದನ್ನೆಲ್ಲ ಯಾರೂ ಹೇಳಿಲ್ಲ, ನಿನ್ನ ತಪ್ಪಲ್ಲ.

ನೀನು ಕಳಿಸಿದ್ದನ್ನು ದೇವರ ಮನೆಯ ಹೊರಗೆ ಗೂಟಕ್ಕೆ ನೇತುಹಾಕಿದ್ದೇನೆ. ಬಂದವರೆಲ್ಲ ಏನು ಎಂದು ಕೇಳುತ್ತಾರೆ.

ಗೋದಾಬಾಯಿ


ಮಾರಂಡಹಳ್ಳಿ
17 ಆಗಸ್ಟ್ 1994

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ಎರಡು ದಿನ ಸುಮ್ಮನೆ ಮಲಗಿದ್ದೆ. ಕೋಪದಿಂದಲ್ಲ. ಒಂದು ಹಿಡಿಯ ವಿಷಯದಲ್ಲಿ ಇಷ್ಟೊಂದು ನಿಯಮ ಇರುತ್ತದೆ ಎಂದು ಹನ್ನೆರಡು ವರ್ಷದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರೂ ಹೇಳಿಕೊಡಲಿಲ್ಲ! ನಮ್ಮಮ್ಮನ ಮನೆಯಲ್ಲಿ ಮಡಿ ಎಂದರೆ ಹಬ್ಬದ ದಿನ ಒಂದು ಗಂಟೆ, ಅಷ್ಟೇ.

ಇಲ್ಲಿ ನೀರು ದಿನ ಬಿಟ್ಟು ದಿನ. ಕೊಡಗಳನ್ನು ಮೇಲೆ ಹೊತ್ತು ತರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಟೊಮೇಟೊ ವಾಸನೆ ಈಗ ಅಷ್ಟು ಚೆನ್ನಾಗಿ ಅನ್ನಿಸುವುದಿಲ್ಲ. ಇರಲಿ ಬಿಡಿ.

ಎರಡನೆಯದು ತಯಾರಾಗಿದೆ. ಈ ಸಲ ಎಲ್ಲವೂ ಕಬ್ಬಿಣ, ದಾರ ಇಲ್ಲ, ಮರ ಇಲ್ಲ, ಅರಗು ಇಲ್ಲ. ಮುಂದೆ ತಂತಿಯ ಎರಡು ಬೊಗಸೆ, ಬದನೆಕಾಯಿ ಅದರೊಳಗೆ ಇಡಿಯಾಗಿ ಕೂರುತ್ತದೆ. ಹಿಂದಿನಿಂದ ಒಂದು ಬಳೆಯನ್ನು ಜಾರಿಸಿದರೆ ಎರಡೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಮಣಿಕಟ್ಟು ತಿರುಗಿಸಿದರೆ ಬದನೆಕಾಯಿಯೂ ತಿರುಗುತ್ತದೆ. ಚಿಕ್ಕಮುನಿಯಪ್ಪ ಇದಕ್ಕೆ ಬದ್ನೆಕಾಯ್ ಪಂಜರ ಎಂದು ಹೆಸರಿಟ್ಟಿದ್ದಾನೆ. ಕೈ ಜಾರದ ಹಾಗೆ ಹಿಡಿಯ ಸಲಾಕೆಯನ್ನು ಕಾಯಿಸಿ ಹಗ್ಗದ ಹಾಗೆ ತಿರುಚಿದ. ಈಗ ಅವನು ನಗುವುದಿಲ್ಲ. ಸಂತೆಗೆ ಬಂದ ಒಬ್ಬರಿಗೆ, ‘ಇದು ಸೇಲಂ ಐಟಂ ಅಪ್ಪಾ, ನಿಂಗೆ ತಿಳಿಯಾಕಿಲ್ಲ’ ಎನ್ನುತ್ತಿದ್ದ.

ಸಿದ್ದಲಕ್ಷ್ಮಮ್ಮ ಮಾತ್ರ ಹಿಡಿಯನ್ನು ಹಿಡಿದು ನೋಡಿ, ‘ಕಬ್ಣ ಕಾಯ್ತದೆ ಕಣಮ್ಮಾ’ ಎಂದಳು. ಅದಕ್ಕೇ ನಾನು ಎಂಟು ಬದನೆಕಾಯಿ ಸುಟ್ಟು ನೋಡಿದೆ. (ನಾವಿಲ್ಲಿ ವ್ರತ ಹಿಡಿದಿಲ್ಲ ಅತ್ತೆ, ಬೈಯಬೇಡಿ.) ಇವರು ಎಂಟು ದಿನವೂ ಗೊಜ್ಜು ತಿಂದರು. ಒಂಬತ್ತನೆಯ ದಿನ, ‘ಅಪರ್ಣಾ, ಅಮ್ಮನ ಗಿಫ್ಟ್ ಮುಗೀತಾ?’ ಎಂದು ಮೆಲ್ಲಗೆ ಕೇಳಿದರು. ಎಂಟು ಸಲವೂ ನನ್ನ ಕೈಗೆ ಏನೂ ಆಗಲಿಲ್ಲ! ಆದ್ದರಿಂದ ಇದು ಪಾಸ್.

ಪೊನ್ನುಸ್ವಾಮಿಯ ಜೊತೆ ಮುಂದಿನ ತಿಂಗಳು ಕಳಿಸುತ್ತೇನೆ. ದ್ವಾದಶಿಯವರೆಗೆ ಕಾಯುತ್ತೇನೆ, ಕಾಯುವುದನ್ನೂ ಕಲಿಯುತ್ತಿದ್ದೇನೆ.

ಅಪರ್ಣಾ


ಸೇಲಂ
2 ಅಕ್ಟೋಬರ್ 1994

ಚಿ. ಸೌ. ಅಪರ್ಣಾಗೆ ಆಶೀರ್ವಾದ.

ಬಂತು. ತೊಳೆದು, ಮಡಿಯಲ್ಲಿ ಸೌಟಿನ ಪಕ್ಕದ ಮೊಳೆಗೆ ಹಾಕಿದ್ದೇನೆ. ಒಲೆಯಿಲ್ಲದೆಯೇ ಕೈಯಲ್ಲಿ ಹಿಡಿದು ಕೂತು ನೋಡಿದೆ. ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗಲಿಲ್ಲ. ಭಾರ ಗೊತ್ತಾಯಿತು. ಏನೋ ಒಂದು ಕೈಯಲ್ಲಿದೆ ಎಂದು ತಿಳಿಯುವುದೂ ಈಗ ಒಂದು ಸುಖ.

ಕಾಲಿನ ಬೆರಳುಗಳೂ ಮರಗಟ್ಟುತ್ತಿವೆ. ಚಪ್ಪಲಿ ಕಳಚಿಬಿದ್ದರೂ ನಡೆದುಕೊಂಡೇ ಹೋಗಿರುತ್ತೇನೆ. ಎದುರುಮನೆಯ ಹೆಂಗಸು ಮೊನ್ನೆ ಒಂದನ್ನು ಎತ್ತಿಕೊಂಡು ಹಿಂದೆ ಓಡಿಬಂದಳು. ‘ಎನ್ನ ಮಾಮಿ, ಒತ್ತ ಚೆರುಪ್ಪೋಡ ಎಂಗೆ ಪೋರೀಂಗ?’ ಎಂದು, ಒಂಟಿ ಚಪ್ಪಲಿಯಲ್ಲಿ ಎಲ್ಲಿಗೆ ಹೊರಟಿರಿ ಎಂದು, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು. ನಾನೂ ನಕ್ಕೆ.

ದ್ವಾದಶಿಗೆ ಇನ್ನು ಆರು ವಾರ.

ಗೋದಾಬಾಯಿ


ಸೇಲಂ
19 ನವೆಂಬರ್ 1994

ಅತ್ತಿಗೆಯವರಿಗೆ,

ಇದನ್ನು ಅಣ್ಣನಿಗೂ ಓದಲು ಕೊಡಿ.

ಬುಧವಾರ ಬೆಳಿಗ್ಗೆ ಅಮ್ಮ ನೀವು ಕಳಿಸಿದ ಪಂಜರದಲ್ಲಿ ಬದನೆಕಾಯಿ ಸುಟ್ಟಳು. ನಾಲ್ಕು ತಿಂಗಳ ಮೇಲೆ ಮೊದಲನೆಯದು. ನಾಲ್ಕು ದೊಡ್ಡ ಬದನೆಕಾಯಿ. ಅರ್ಧ ಗಂಟೆ ಬಲಗೈಯಲ್ಲಿ ಬಿಡದೆ ಹಿಡಿದಿದ್ದಾಳೆ, ಎಡಗೈಯಲ್ಲಿ ಬೀಸಣಿಗೆ. ಅಡಿಗೆಮನೆಯಿಂದ ಬಂದ ವಾಸನೆ ಬದನೆಕಾಯಿಯದಲ್ಲ ಎಂದು ಅಪ್ಪನಿಗೆ ಅನುಮಾನ ಬಂದು ಹೋಗಿ ನೋಡಿದರು. ಅವಳು ಆಗಲೂ ಹಿಡಿದೇ ಇದ್ದಳು.

ಅಂಗೈಯಲ್ಲಿ ಹಿಡಿಯ ತಿರುಚು ಅಚ್ಚೊತ್ತಿದ ಹಾಗೆ ಮೂಡಿದೆ. ಸಕ್ಕರೆ ಇರುವುದರಿಂದ ಮಾಯಲು ಎರಡು ತಿಂಗಳು ಬೇಕು ಎಂದು ಡಾಕ್ಟರು ಹೇಳಿದರು. ಮೊದಲು ಬೆರಳಲ್ಲಿ ತಿರುಗಿಸುವಾಗ ಒಂದು ಕ್ಷಣ ಮುಟ್ಟಿ ಬಿಡುತ್ತಿದ್ದಳು. ಬಿಡದೆ ಹಿಡಿಯುವ ಹಾಗೆ ಮಾಡಿದ್ದು ಈ ಪಂಜರ.

ಬೆರಳಿಗೆ ಸ್ಪರ್ಶವಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಚುಚ್ಚಿ ತೋರಿಸಿದಾಗ ನನಗೆ ಗೊತ್ತಾಯಿತು. ದಿನಕ್ಕೆ ಹತ್ತು ಜನ ಡಾಕ್ಟರನ್ನು ನೋಡುವವನು ನಾನು, ನನ್ನ ತಾಯಿಯ ಕೈ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಂತೆ, ಜೂನ್‌ನಿಂದ.

ಇದ್ದಿಲೊಲೆಯನ್ನು ಹಿತ್ತಿಲಿಗೆ ಎತ್ತಿಟ್ಟಿದ್ದೇನೆ. ಅಡಿಗೆ ಗ್ಯಾಸಿನ ಮೇಲೆ, ನಾನೇ ಮಾಡುತ್ತಿದ್ದೇನೆ. ಬೇರೆ ಏನೂ ಬರೆಯಲು ಮನಸ್ಸಿಲ್ಲ.

ಹರಿಪ್ರಸಾದ್


ಮಾರಂಡಹಳ್ಳಿ
26 ನವೆಂಬರ್ 1994

ಅತ್ತೆ,

ಬೂತಿನಿಂದ ಮೂರು ಸಲ ಫೋನ್ ಮಾಡಿದೆ. ಪಕ್ಕದ ಮನೆಯವರು ಕರೆಯಲು ಹೋಗಿ, ‘ಅವರು ಮಲಗಿದ್ದಾರೆ’ ಎಂದು ಬಂದು ಹೇಳಿದರು, ಮೂರು ಸಲವೂ. ಇವರು ಒಬ್ಬರೇ ಸೇಲಂಗೆ ಬಂದುಹೋದರಲ್ಲ, ನನ್ನನ್ನು ಕರೆಯಲಿಲ್ಲ. ವಾಪಸು ಬಂದ ಮೇಲೆ ಎರಡು ದಿನ ಮಾತಿಲ್ಲ. ಮೂರನೆಯ ದಿನ, ‘ನಮ್ಮಮ್ಮನ ಕೈ ಅಪರ್ಣಾ, ನಂಗೆ ಹೇಳ್ಬಾರ್ದಾಗಿತ್ತಾ?’ ಎಂದರು. ಸಾರಿಗೆ ಉಪ್ಪೇ ಹಾಕಿರಲಿಲ್ಲ ಆವತ್ತು. ಸುಮ್ಮನೆ ತಿಂದು ಎದ್ದರು.

ನಾನು ಎಂಟು ಬದನೆಕಾಯಿ ಸುಟ್ಟು ನೋಡಿದೆ ಎಂದು ಜಂಬದಿಂದ ಬರೆದಿದ್ದೆ. ಈಗ ಅದೇ ಥರದ ಇನ್ನೊಂದು ಪಂಜರವನ್ನು ಚಿಕ್ಕಮುನಿಯಪ್ಪನಿಂದ ಮಾಡಿಸಿ ತಂದು ಮತ್ತೆ ಒಲೆಯ ಮುಂದೆ ಕೂತೆ. ನನ್ನ ಕೈಯನ್ನೇ ನೋಡುತ್ತಾ ಕೂತೆ. ಹಿಡಿ ಬೆಚ್ಚಗಾದ ಕೂಡಲೇ ನನ್ನ ಬೆರಳುಗಳು ಅರ್ಧ ಇಂಚು ಹಿಂದೆ ಸರಿದವು. ಮತ್ತೆ ಬೆಚ್ಚಗಾಯಿತು, ಮತ್ತೆ ಸರಿದವು. ಆಮೇಲೆ ಕೈ ಬದಲಾಯಿಸಿದೆ. ಇದೆಲ್ಲ ನನಗೆ ತಿಳಿಯದೆಯೇ ಆಯಿತು. ಎಂಟು ಸಲವೂ ಹೀಗೇ ಆಗಿರಬೇಕು. ನಿಮ್ಮ ಕೈ ಸರಿಯುವುದಿಲ್ಲ ಎಂಬುದು ಗೊತ್ತಿದ್ದೂ, ಸರಿಯುವ ಕೈಯಲ್ಲಿ ಪರೀಕ್ಷೆ ಮಾಡಿದೆ. ಸಿದ್ದಲಕ್ಷ್ಮಮ್ಮ ಒಂದೇ ಮಾತಿನಲ್ಲಿ ಹೇಳಿದ್ದಳು, ನಾನು ಕೇಳಿಸಿಕೊಂಡೆ ಅಷ್ಟೇ.

ಕ್ಷಮಿಸಿ ಎಂದು ಬರೆಯಲು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರಯತ್ನಿಸಿದೆ. ಎರಡರಲ್ಲೂ ಸಣ್ಣ ಮಾತಾಯಿತು. ನಿಮ್ಮ ಕೈ ಈಗ ಹೇಗಿದೆ ಎಂದು ಯಾರಿಂದಲಾದರೂ ಒಂದು ಸಾಲು ಬರೆಸಿ.

ಅಪರ್ಣಾ


ಮಾರಂಡಹಳ್ಳಿ
21 ಡಿಸೆಂಬರ್ 1994

ಅತ್ತೆ,

ಒಂದು ಸಾಲೂ ಬರಲಿಲ್ಲ. ಬರಬೇಕು ಎಂದು ಕೇಳುವ ಹಕ್ಕೂ ನನಗಿಲ್ಲ. ಇದರ ಜೊತೆ ಒಂದು ಕಟ್ಟು ಬರುತ್ತದೆ, ಪೊನ್ನುಸ್ವಾಮಿ ತರುತ್ತಾನೆ. ಬಿಚ್ಚುವ ಮೊದಲು ಇದನ್ನು ಓದಿ. ಹರಿಪ್ರಸಾದ್ ಬಿಚ್ಚಿ ಬಾವಿಗೆ ಎಸೆದರೂ ನಾನು ಏನೂ ಅನ್ನುವುದಿಲ್ಲ.

ಮೂರನೆಯದನ್ನು ಮಾಡಿಸುವುದಿಲ್ಲ ಎಂದೇ ಇದ್ದೆ. ಕಳೆದ ತಿಂಗಳಿಂದ ಕುಲುಮೆಯ ಕಡೆಗೇ ಹೋಗಿರಲಿಲ್ಲ. ಇಲ್ಲಿ ಈಗ ಬೆಳಿಗ್ಗೆ ಕೈಕಾಲು ಕೊರೆಯುವ ಚಳಿ. ಒಂದು ದಿನ ಸಿದ್ದಲಕ್ಷ್ಮಮ್ಮನೇ ಕರೆದಳು, ‘ಯಾಕಮ್ಮಾ, ಮೊಕ ತೋರ್ಸದೇ ಇಲ್ಲ? ಬಾ, ಕಾಪಿ ಕುಡಿ.’ ಹಿತ್ತಿಲಲ್ಲಿ ಸ್ನಾನದ ನೀರು ಕಾಯಲು ಇಟ್ಟಿದ್ದಳು. ಹಂಡೆಯ ಮುಚ್ಚಳದ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ, ಎಣ್ಣೆ ಗಟ್ಟಿಯಾಗಿ ಬೆಳ್ಳಗೆ ನಿಂತಿತ್ತು. ನೀರು ಕಾಯಿತಾ ಎಂದು ಅವಳು ಹಂಡೆಗೆ ಕೈ ಹಾಕಿ ನೋಡಲೇ ಇಲ್ಲ.

‘ಎಣ್ಣೆ ಕರಗಿದ್ರೆ ನೀರು ಕಾದೈತೆ ಅಂತ. ಕೈ ಯಾಕೆ ಸುಟ್ಕೊಬೇಕು? ಕಣ್ಣು ಐತಲ್ಲ’ ಎಂದಳು.

ನಾನು ಕಾಫಿಯನ್ನು ಅಲ್ಲೇ ಬಿಟ್ಟು ಎದ್ದೆ. ತಲೆಗೆ ಹಚ್ಚುವ ಎಣ್ಣೆ ನಿಮ್ಮ ಮಡಿಗೆ ಬರುವುದಿಲ್ಲ. ಆದರೆ ತುಪ್ಪ? ತುಪ್ಪಕ್ಕೆ ಮೈಲಿಗೆ ಇಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇದನ್ನಾದರೂ ಈ ಸಲ ಮೊದಲೇ ನಮ್ಮಮ್ಮನಿಗೆ ಬರೆದು ಕೇಳಿದೆ. ಹೌದು ಎಂದು ಬರೆದಳು.

ಪಂಜರ ಅದೇ. ಹಿಡಿ ಬೇರೆ. ಮೊದಲಿಗಿಂತ ಅರ್ಧ ಮೊಳ ಉದ್ದ ಮಾಡಿಸಿದ್ದೇನೆ. ಸಲಾಕೆಯ ಬದಲು ಒಳಗೆ ಟೊಳ್ಳು. ಕೈ ಹಿಡಿಯುವ ಜಾಗದ ಮುಂದೆಯೇ ಚಿಕ್ಕಮುನಿಯಪ್ಪ ಒಂದು ಗುಳಿ ಬಡಿದಿದ್ದಾನೆ, ಕುಂಕುಮದ ಬಟ್ಟಲಿನಷ್ಟು. ಅದರಲ್ಲಿ ಒಂದು ಹನಿ ಗಟ್ಟಿ ತುಪ್ಪ ಇಡಿ. ಪಂಜರವನ್ನು ಓರೆ ಮಾಡದೆ, ಆ ಕಡೆಗೊಂದು ಈ ಕಡೆಗೊಂದು ಕಾಲು ಸುತ್ತು ಮಾತ್ರ ತಿರುಗಿಸಿ. ತುಪ್ಪ ಕರಗಿ ಹೊಳೆದ ಕೂಡಲೇ ಕೆಳಗಿಟ್ಟುಬಿಡಿ. ಬದನೆಕಾಯಿ ಬೆಂದಿರಲಿ, ಬೇಯದಿರಲಿ, ಇಟ್ಟುಬಿಡಿ.

ಈ ಸಲ ನನ್ನ ಕೈಯನ್ನು ನಂಬಲಿಲ್ಲ. ಹಿಡಿಯನ್ನು ಎರಡು ಇಟ್ಟಿಗೆಗಳ ನಡುವೆ ಇಟ್ಟು, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಿದೆ. ಮುನ್ನೂರು ಎಣಿಸುವಷ್ಟರಲ್ಲಿ ತುಪ್ಪ ಕರಗುತ್ತದೆ. ಹಿಡಿ ಮುಟ್ಟಲಾಗದಷ್ಟು ಕಾಯಲು ಅಲ್ಲಿಂದ ಮತ್ತೆ ಸುಮಾರು ನೂರೈವತ್ತು ಬೇಕು. ಏಳು ದಿನ ಎಣಿಸಿದೆವು, ಒಂದು ದಿನವೂ ನೂರಕ್ಕಿಂತ ಕಮ್ಮಿಯಾಗಲಿಲ್ಲ. ಇವರು ಈಗ ಮಾತಾಡುತ್ತಾರೆ, ಹೆಚ್ಚಾಗಿ ಅಂಕಿಗಳನ್ನು.

ನಿಮ್ಮ ಒಲೆ ಮತ್ತೆ ಒಳಗೆ ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಜೂನ್‌ನಲ್ಲಿ ಅದನ್ನು ಯಾರೂ ಎಸೆಯುವ ಹಾಗಿಲ್ಲ ಎಂದು ಬರೆದಿದ್ದೆ. ಎಸೆಯುವ ಹಾಗೆ ಮಾಡಿದವಳು ನಾನೇ.

ತುಂಬಾ ದಣಿದಿದ್ದೇನೆ ಅತ್ತೆ.

ಅಪರ್ಣಾ


ಸೇಲಂ
22 ಜನವರಿ 1995

ಚಿ. ಸೌ. ಅಪರ್ಣಾಗೆ ಆಶೀರ್ವಾದ.

ಅಕ್ಷರ ಸೊಟ್ಟಗಿದೆ. ಅಂಗೈ ಮಾಯ್ದಿದೆ, ಲೇಖನಿ ಹಿಡಿದದ್ದು ಇವತ್ತೇ. ನಿನ್ನ ಮೇಲೆ ಕೋಪವಿದ್ದು ಸುಮ್ಮನಿದ್ದೆ ಎಂದು ತಿಳಿಯಬೇಡ. ನನ್ನ ವಿಷಯವನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ. ಯಾರಿಗೂ ಹೇಳಬೇಡ ಎಂದು ನಿನ್ನ ಬಾಯಿ ಕಟ್ಟಿದ್ದು ನಾನು. ಇಪ್ಪತ್ತೇಳು ದಿನದ ಸೊಸೆಯ ಮೇಲೆ ಅಷ್ಟು ಭಾರ ಹೊರಿಸಬಾರದಿತ್ತು. ಇದನ್ನು ಶ್ರೀನಿಧಿಗೂ ಹೇಳಿದ್ದೇನೆ, ಹರಿಗೂ ಹೇಳಿದ್ದೇನೆ.

ಎರಡು ತಿಂಗಳು ಹರಿ ಗ್ಯಾಸಿನ ಮೇಲೆ ಅಡಿಗೆ ಮಾಡಿದ. ಮೊದಲ ವಾರ ಅನ್ನ ಮುದ್ದೆಯಾಯಿತು, ಎರಡನೆಯ ವಾರ ಸರಿಹೋಯಿತು. ಮಡಿಯಿಲ್ಲದ ಊಟ ಗಂಟಲಲ್ಲಿ ಇಳಿಯದು ಎನ್ನುತ್ತಿದ್ದ ನಿನ್ನ ಮಾವ ಹುಳಿಯನ್ನು ಎರಡನೆಯ ಸಲ ಕೇಳಿ ಬಡಿಸಿಕೊಂಡರು. ನಾನು ಪಡಸಾಲೆಯ ಗೋಡೆಗೆ ಒರಗಿ ನೋಡುತ್ತಿದ್ದೆ. ಅಂಗೈಯ ನೋವು ಗೊತ್ತಾಗದವಳಿಗೆ ಅದು ಗೊತ್ತಾಯಿತು. ಯಾರ ಮೇಲೂ ದೂರಿಲ್ಲ. ಹಸಿದವರು ಉಣ್ಣುತ್ತಾರೆ.

ನಿನ್ನ ಕಟ್ಟು ಬಂದ ದಿನ ಹರಿ ಅದನ್ನು ಅಟ್ಟದ ಮೇಲೆ ಎಸೆದ. ಕಾಗದವನ್ನು ಮಾತ್ರ ಓದಿದ. ಸಂಕ್ರಾಂತಿ ಕಳೆದ ಮಾರನೆಯ ದಿನ ಹಿತ್ತಿಲಲ್ಲಿ ಹೊಗೆ ಕಂಡಿತು. ಹೋಗಿ ನೋಡಿದರೆ, ಇದ್ದಿಲೊಲೆ ಹಚ್ಚಿಕೊಂಡು, ಲುಂಗಿ ಮೇಲಕ್ಕೆ ಕಟ್ಟಿ ಕೂತಿದ್ದಾನೆ. ಕೈಯಲ್ಲಿ ನಿನ್ನ ಪಂಜರ. ಗುಳಿಯಲ್ಲಿ ತುಪ್ಪ. ಬಾಯಲ್ಲಿ ಎಣಿಕೆ.

‘ಏನೋ ಇದು?’ ಎಂದೆ.

‘ಸುಮ್ನಿರಮ್ಮಾ, ಎಣಿಕೆ ತಪ್ಪುತ್ತೆ. ಅತ್ತಿಗೆ ಲೆಕ್ಕಾನ ನಾನು ನಂಬಲ್ಲ’ ಎಂದ.

ಇನ್ನೂರ ಎಂಬತ್ತಕ್ಕೆ ತುಪ್ಪ ಕರಗಿತು. ಅವನು ಇಡಲಿಲ್ಲ, ಹಿಡಿದೇ ಇದ್ದ. ನಾನೂರ ಹತ್ತಕ್ಕೆ ‘ಅಯ್ಯಮ್ಮಾ!’ ಎಂದು ಬಿಸಾಡಿ ಬೆರಳನ್ನು ಬಾಯಿಗಿಟ್ಟುಕೊಂಡ. ಬದನೆಕಾಯಿ ತುಳಸಿಕಟ್ಟೆಯವರೆಗೆ ಉರುಳಿತು. ನಿನ್ನ ಮಾವ ಒಳಗಿನಿಂದ ಬಂದು ನಿಂತರು. ಮೂವರೂ ನಕ್ಕೆವು. ಎಷ್ಟು ದಿನವಾಗಿತ್ತೋ.

ಆಮೇಲೆ ಹರಿ ಒಲೆಯನ್ನು ತೊಳೆದು ಒಳಗೆ ತಂದಿಟ್ಟ. ‘ತುಪ್ಪ ಕರಗಿದ್ಮೇಲೂ ಹಿಡ್ಕೊಂಡಿದ್ರೆ ಮತ್ತೆ ಹಿತ್ತಿಲಿಗೇ’ ಎಂದ. ನಿನ್ನೆ ಶನಿವಾರ ಮಡಿಯಲ್ಲಿ ಕೂತು ಸುಟ್ಟೆ. ಒಂದು ಬದನೆಕಾಯಿಗೆ ಮೂರು ಸಲ ಕೆಳಗಿಟ್ಟು, ಹಿಡಿಯ ಮೇಲೆ ನೀರು ಚಿಮುಕಿಸಿ, ಒರೆಸಿ, ಹೊಸದಾಗಿ ತುಪ್ಪ ಇಟ್ಟೆ. ಮೊದಲಿನ ಮೂರರಷ್ಟು ಹೊತ್ತಾಯಿತು. ಆಯಾಸವಾಯಿತು. ಬದನೆಕಾಯಿ ಬೆಂದದ್ದು ನನಗೆ ವಾಸನೆಯಲ್ಲೇ ಗೊತ್ತಾಗುತ್ತದೆ, ಸಿಪ್ಪೆ ಬಿರಿಯುವ ಸದ್ದಿನಲ್ಲೂ. ಅದು ಇನ್ನೂ ಹೋಗಿಲ್ಲ.

ಆದರೆ ನೀನು ಒಂದು ಲೆಕ್ಕ ಮರೆತಿದ್ದೀಯೆ. ಸೇಲಂನ ಬಿಸಿಲು ನಿನಗೆ ಗೊತ್ತಿದೆ. ಶಿವರಾತ್ರಿ ಕಳೆದರೆ ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತದೆ, ಗುಳಿ ಏನನ್ನೂ ಹೇಳುವುದಿಲ್ಲ. ಇನ್ನು ನಾಲ್ಕನೆಯದನ್ನು ಮಾಡಿಸಬೇಡ. ಆ ಕುಲುಮೆಯವನೂ ದಣಿದಿರುತ್ತಾನೆ, ನೀನೂ ದಣಿದಿದ್ದೀಯೆ. ಅವನ ಹೆಂಡತಿಗೆ ನಾನು ಕೇಳಿದೆ ಎಂದು ಹೇಳು.

ಶಿವರಾತ್ರಿಯ ಮಾರನೆಯ ದಿನ ಹೊರಟು ಬಾ. ಯುಗಾದಿ ಮುಗಿಸಿಕೊಂಡು ಹೋಗುವೆಯಂತೆ. ಶ್ರೀನಿಧಿ ಒಂದು ತಿಂಗಳು ತಾನೇ ಉಪ್ಪು ಹಾಕಿಕೊಳ್ಳಲಿ. ಬರುವಾಗ ಮಡಿಗೆ ಒಂದು ಹತ್ತಿ ಸೀರೆ ತಾ, ಬಣ್ಣ ಬಿಡದಂಥದ್ದು. ಹೊಸಿಲ ಆಚೆ ನಿಲ್ಲುವುದು ಸಾಕು. ಹಿಡಿ ನಿನ್ನ ಕೈಯಲ್ಲಿರಲಿ, ಯಾವಾಗ ತಿರುಗಿಸಬೇಕು ಎಂದು ನಾನು ಹೇಳುತ್ತೇನೆ.

ಬೇಸಿಗೆಯಲ್ಲಿ ತುಪ್ಪದ ಕೆಲಸ ನಿನ್ನದು.

ಗೋದಾಬಾಯಿ